ಹಿಮದ ದಾರಿಯಲ್ಲಿ ಸುಲಭದ ನಡಿಗೆ: ಮೊದಲು ಮರಳುವ ಬಗೆ ಗೊತ್ತಾಗಲಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಮಗನ ಸಂಸಾರ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿದೆ. ಈ ಸಲ ಕೊನೆಕೊಯ್ಲು ಮುಗಿದ ಮೇಲೆ ನಾನೂ ನಮ್ಮನೆಯವರೂ ಒಂದು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುವವರಿದ್ದೇವೆ. ನನಗೆ 58 ವರ್ಷ, ಅವರಿಗೆ 65. ಇಬ್ಬರಿಗೂ ನಡೆದು ರೂಢಿಯಿದೆ. ಆದರೆ ಅವರಿಗೆ ಇಳಿಜಾರಿನಲ್ಲಿ ಇಳಿಯುವಾಗ ಬಲಮೊಣಕಾಲು ನೋಯುತ್ತದೆ, ಬಿ.ಪಿ. ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಬೆಟ್ಟಗಳ ಮೇಲೆ ಯಂತ್ರದಿಂದ ಹಿಮವನ್ನು ಒತ್ತಿ ಸಮಮಾಡಿದ ನಡಿಗೆಯ ದಾರಿಗಳಿವೆ, ಸ್ಕೀ ಬಾರದವರೂ ಅಲ್ಲಿ ನಡೆಯಬಹುದು ಎಂದು ಮಗ ಹೇಳುತ್ತಾನೆ. ಹಿಮವನ್ನೇ ಕಾಣದ ನಾವು ಅಂಥ ದಾರಿಯಲ್ಲಿ ನಡೆಯಬಹುದೇ? ಏಳು ವರ್ಷದ ಮೊಮ್ಮಗನೂ ಜೊತೆಗಿರುತ್ತಾನೆ. ಯಾವ ತಿಂಗಳು, ಯಾವ ದಾರಿ, ಎಂಥ ಉಡುಪು, ಇಲ್ಲಿಂದಲೇ ಏನು ತಯಾರಿ ಮಾಡಿಕೊಳ್ಳಬೇಕು? ಯುಂಗ್‌ಫ್ರಾಯೋಖ್ ಎಂಬ ಎತ್ತರದ ಬೆಟ್ಟದ ರೈಲು ನಿಲ್ದಾಣವನ್ನು ನೋಡುವ ಆಸೆಯೂ ಇದೆ. ನಡಿಗೆಯ ದಿನವೇ ಅದನ್ನೂ ಮುಗಿಸಬಹುದೇ?

ಉತ್ತರ: ಧಾರಾಳವಾಗಿ ನಡೆಯಬಹುದು. ದಿನವೂ ತೋಟಕ್ಕೆ ಇಳಿದು ಹತ್ತುವ ನಿಮಗೆ ಆ ದಾರಿಗಳ ಉದ್ದವಾಗಲಿ, ಏರಾಗಲಿ ಕಷ್ಟವೆನಿಸುವುದಿಲ್ಲ. ಕಷ್ಟ ಬರುವುದಾದರೆ ಅದು ಚಳಿಗಾಳಿಯಿಂದ, ಬೇಗ ಮುಗಿಯುವ ಹಗಲಿನಿಂದ, ಮತ್ತು ಬೆಟ್ಟದಿಂದ ಕೆಳಗಿಳಿಸಬೇಕಾದ ಕೇಬಲ್ ಕಾರ್ ನಡುಹಗಲಿನಲ್ಲಿ ನಿಂತುಹೋಗುವುದರಿಂದ. ಆದ್ದರಿಂದ ಇಂಥ ನಡಿಗೆಯ ಯೋಜನೆಯನ್ನು ತುದಿಯಿಂದ ಹಿಂದಕ್ಕೆ ಮಾಡುತ್ತ ಬರಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಯಾವ ರೈಲಿನಲ್ಲಿ, ಎಷ್ಟು ಹೊತ್ತಿಗೆ ಕೆಳಗಿಳಿಯುತ್ತೇವೆ, ಅದು ತಪ್ಪಿದರೆ ಇನ್ನೊಂದು ದಾರಿ ಯಾವುದು ಎಂಬುದು ಮೊದಲು ಗೊತ್ತಾಗಬೇಕು; ಎಲ್ಲಿಂದ ಹೊರಡುವುದು, ಎಷ್ಟು ನಡೆಯುವುದು ಎಂಬುದು ಆಮೇಲಿನ ಮಾತು.

ಈ ದಾರಿಗಳ ಸ್ವರೂಪವನ್ನು ಮೊದಲು ತಿಳಿದುಕೊಳ್ಳಿ. ಸ್ಕೀ ಇಳಿಜಾರುಗಳನ್ನು ಹದಗೊಳಿಸುವ, ಅಗಲವಾದ ಪಟ್ಟಿಚಕ್ರಗಳ ಯಂತ್ರವೇ ರಾತ್ರಿ ಅಥವಾ ನಸುಕಿನಲ್ಲಿ ಈ ದಾರಿಗಳ ಮೇಲೂ ಓಡಾಡಿ, ಬಿದ್ದ ಹಿಮವನ್ನು ಪುಡಿಮಾಡಿ, ಒತ್ತಿ, ಒಂದು ಗಾಡಿ ಹೋಗುವಷ್ಟು ಅಗಲದ ಗಟ್ಟಿ ನೆಲವನ್ನಾಗಿ ಮಾಡಿರುತ್ತದೆ. ಅಂಚಿನಲ್ಲಿ ಕಂಬಗಳನ್ನು ನೆಟ್ಟಿರುತ್ತಾರೆ. ಕೈಮರಗಳು ಗುಲಾಬಿ ಬಣ್ಣದವು. ಸಾಮಾನ್ಯವಾಗಿ ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ಇವು ತೆರೆದಿರುತ್ತವೆ. ನಡೆಯುವುದಕ್ಕೆ ಶುಲ್ಕವಿಲ್ಲ, ಮೇಲೆ ಹೋಗುವ ರೈಲಿಗೋ ಕೇಬಲ್ ಕಾರಿಗೋ ಮಾತ್ರ ಟಿಕೆಟು.

ಗುಲಾಬಿ ಬಣ್ಣದ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಆ ದೇಶದಲ್ಲಿ ಸುಮಾರು 65,000 ಕಿಲೋಮೀಟರ್ ಉದ್ದದ ಗುರುತಿಸಿದ ಕಾಲುದಾರಿಗಳಿವೆ. ಅವುಗಳಲ್ಲಿ ಸುಲಭದವಕ್ಕೆ ಹಳದಿ, ಬೆಟ್ಟದ ದಾರಿಗೆ ಬಿಳಿ-ಕೆಂಪು-ಬಿಳಿ, ಹಿಮನದಿ ಮತ್ತು ಬಂಡೆಗಳ ಕಠಿಣ ದಾರಿಗೆ ಬಿಳಿ-ನೀಲಿ-ಬಿಳಿ ಗುರುತು. ಈ ಮೂರೂ ಬೇಸಿಗೆಗೆ ಸೇರಿದವು. ಆದರೆ ಚಳಿಗಾಲದಲ್ಲಿ ಅವನ್ನು ಯಾರೂ ಕಿತ್ತಿಡುವುದಿಲ್ಲವಾದ್ದರಿಂದ ಹಿಮದ ನಡುವೆಯೂ ಹಳದಿ ಕೈಮರ ಕಾಣಿಸುತ್ತದೆ, ಅದರ ಮೇಲೆ ‘1 ಗಂಟೆ 20 ನಿಮಿಷ’ ಎಂದು ಬರೆದೂ ಇರುತ್ತದೆ. ಆ ಹೊತ್ತು ಬೇಸಿಗೆಯ ಒಣನೆಲದ್ದು, ವಿಶ್ರಾಂತಿಯನ್ನು ಸೇರಿಸದ್ದು. ಆ ದಾರಿಯಲ್ಲಿ ಹಿಮ ತೆಗೆದಿರುವುದಿಲ್ಲ, ಮೇಲಿನ ಇಳಿಜಾರಿನಿಂದ ಹಿಮ ಕುಸಿಯುತ್ತದೆಯೇ ಎಂದು ಯಾರೂ ಪರೀಕ್ಷಿಸಿಯೂ ಇರುವುದಿಲ್ಲ. ಮೊದಲ ಸಲ ಬಂದವರು ದಾರಿ ತಪ್ಪುವುದು ಹೆಚ್ಚಾಗಿ ಹೀಗೆಯೇ: ಗುಲಾಬಿ ದಾರಿಯಲ್ಲಿ ಸುಖವಾಗಿ ನಡೆಯುತ್ತಿದ್ದವರು ಕವಲಿನಲ್ಲಿ ಹಳದಿ ಕೈಮರವನ್ನು ನಂಬಿ, ಯಾರದೋ ಹೆಜ್ಜೆಗುರುತು ಹಿಡಿದು ಹೊರಟುಬಿಡುತ್ತಾರೆ. ಮೊಮ್ಮಗನಿಗೆ ಗುಲಾಬಿ ಕಂಬಗಳನ್ನು ಹುಡುಕುವ ಕೆಲಸ ಕೊಟ್ಟುಬಿಡಿ; ಮಕ್ಕಳು ಅದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಯಂತ್ರ ಓಡಿದ ದಾರಿಗಳೆಲ್ಲ ನಡಿಗೆಯವರಿಗಾಗಿ ಇರುವುದಿಲ್ಲ. ಎರಡು ಸಮಾನಾಂತರ ಗೆರೆ ಕೊರೆದ ಪಟ್ಟಿ ಕಂಡರೆ ಅದು ಸಮತಟ್ಟಿನಲ್ಲಿ ಸ್ಕೀ ಮಾಡುವವರದು. ಅದರ ಮೇಲೆ ಕಾಲಿಟ್ಟರೆ ಗೆರೆ ಕೆಡುತ್ತದೆ, ಬೈಗುಳವೂ ಸಿಗುತ್ತದೆ. ಇಳಿಜಾರಿನ ಸ್ಕೀ ಅಂಗಳದಲ್ಲಿ ನಡೆಯುವುದು ಅಪಾಯ. ನಡಿಗೆಯ ದಾರಿ ಅದನ್ನು ಅಡ್ಡ ಹಾಯುವ ಕಡೆ ಹೆದ್ದಾರಿ ದಾಟುವಾಗಿನ ಎಚ್ಚರದಿಂದ ಮೇಲ್ಗಡೆ ನೋಡಿ, ಮಗುವಿನ ಕೈಹಿಡಿದು, ನಿಲ್ಲದೆ ದಾಟಬೇಕು. ಕೆಲವು ಕಡೆ ಜಾರುಬಂಡಿಯವರೂ ಇದೇ ದಾರಿಯಲ್ಲಿ ಬರುತ್ತಾರೆ. ಅಂಥಲ್ಲಿ ಅಂಚು ಹಿಡಿದು ಒಬ್ಬರ ಹಿಂದೊಬ್ಬರು ನಡೆಯಿರಿ. ಇನ್ನೊಂದು ಸಂಗತಿ ಅಷ್ಟಾಗಿ ಯಾರಿಗೂ ತಿಳಿದಿರುವುದಿಲ್ಲ: ಕಡಿದಾದ ಕಡೆಗಳಲ್ಲಿ ಈ ಯಂತ್ರಗಳು ಮೇಲೆ ಕಟ್ಟಿದ ಉಕ್ಕಿನ ಹಗ್ಗದ ಆಸರೆಯಿಂದ ಕೆಲಸ ಮಾಡುತ್ತವೆ, ಸಂಜೆಯ ನಂತರ ಆ ಹಗ್ಗ ನೂರಾರು ಮೀಟರ್ ಉದ್ದಕ್ಕೆ ಚಾಚಿದ್ದು, ಕಣ್ಣಿಗೆ ಕಾಣದೆ, ಇದ್ದಕ್ಕಿದ್ದಂತೆ ಬಿಗಿಯುತ್ತದೆ. ಸಂಜೆ ದಾರಿ ಮುಚ್ಚಲಾಗಿದೆ ಎಂಬ ಫಲಕದ ಹಿಂದೆ ಇಂಥ ಕಾರಣಗಳಿರುತ್ತವೆ.

ತಿಂಗಳಿನ ವಿಷಯದಲ್ಲಿ ನಿಮ್ಮ ತೋಟದ ಲೆಕ್ಕವೂ ಬೆಟ್ಟದ ಲೆಕ್ಕವೂ ಹೊಂದಿಕೊಂಡಿವೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸಂಜೆ ನಾಲ್ಕೂಮುಕ್ಕಾಲಿನ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕಣಿವೆಯಲ್ಲಾದರೆ ಬೆಟ್ಟದ ಮರೆಗೆ ಇನ್ನೂ ಬೇಗ. ಫೆಬ್ರವರಿ ನಡುವಿಗೆ ಬಂದರೆ ಹಗಲು ಒಂದು ಗಂಟೆಗೂ ಹೆಚ್ಚು ಹಿಗ್ಗಿರುತ್ತದೆ, ಬಿಸಿಲಿಗೆ ಬಲ ಬಂದಿರುತ್ತದೆ, ಮೇಲೆ ಹಿಮವೂ ಸಾಕಷ್ಟು ಶೇಖರವಾಗಿರುತ್ತದೆ. ಕೊನೆಕೊಯ್ಲು ಮುಗಿಸಿ ಫೆಬ್ರವರಿಯ ಮೊದಲ ವಾರದಲ್ಲಿ ಹೊರಟು ಮಾರ್ಚ್ ಮೊದಲ ವಾರದಲ್ಲಿ ಮರಳುವುದು ನನ್ನ ಆಯ್ಕೆ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಮನೆಯಲ್ಲಿ ಈ ಮಾತಿಗೆ ವಿರೋಧ ಬರಬಹುದು. ಅದನ್ನು ನೀವೇ ಬಗೆಹರಿಸಿಕೊಳ್ಳಬೇಕು. ಒಂದು ತೊಡಕೆಂದರೆ, ಫೆಬ್ರವರಿಯಲ್ಲಿಯೇ ಅಲ್ಲಿನ ಶಾಲೆಗಳಿಗೆ ಚಳಿಗಾಲದ ರಜೆ. ಮೊಮ್ಮಗನಿಗೆ ಬಿಡುವಾಗುವ ಆ ದಿನಗಳಲ್ಲಿ ಎಲ್ಲರ ಮಕ್ಕಳಿಗೂ ಬಿಡುವಿರುವುದರಿಂದ ಕೇಬಲ್ ಕಾರಿನ ಸಾಲು ಉದ್ದವಾಗುತ್ತದೆ. ಆ ವಾರಗಳಲ್ಲಿ ಶನಿವಾರ, ಭಾನುವಾರಗಳನ್ನು ಬಿಟ್ಟು ಮಂಗಳವಾರವೋ ಬುಧವಾರವೋ ಹೊರಡಿ. ಮಾರ್ಚ್ ಮುಂದುವರಿದಂತೆ ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಿಗ್ಗೆ ದಾರಿ ಗಾಜಿನಷ್ಟು ನುಣುಪಾಗಿರುತ್ತದೆ. ಆಗ ಹತ್ತು ಗಂಟೆಗೆ ಮೊದಲು ಹೆಜ್ಜೆಯಿಡುವುದು ಬೇಡ.

ಎತ್ತರದ ಆಯ್ಕೆಗೂ ಒಂದು ಹದವಿದೆ. ಇತ್ತೀಚಿನ ದಶಕಗಳಲ್ಲಿ ಚಳಿಗಾಲ ಬೆಚ್ಚಗಾಗುತ್ತಿರುವುದರಿಂದ ಕೆಳಮಟ್ಟದಲ್ಲಿ ಹಿಮ ನಿಲ್ಲುವುದು ಅಪರೂಪವಾಗುತ್ತಿದೆ. ಅಲ್ಲಿ ಸಿಗುವುದು ಹೆಚ್ಚಾಗಿ ಕೆಸರು ಅಥವಾ ಮಂಜುಗಡ್ಡೆ. 2,200 ಮೀಟರಿನ ಮೇಲೆ ಗಾಳಿ ಜೋರು, ಉಸಿರೂ ಸ್ವಲ್ಪ ಏರುತ್ತದೆ. ಆದ್ದರಿಂದ 1,400ರಿಂದ 2,000 ಮೀಟರಿನ ನಡುವಣ ದಾರಿ ನಿಮಗೆ ಸೂಕ್ತ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ ಎಂಬುದನ್ನು ಹೋಲಿಕೆಗೆ ನೆನಪಿಡಿ. ಚಳಿಗಾಲದಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ತಣ್ಣನೆಯ ಭಾರದ ಗಾಳಿ ಕೆಳಗೆ ಕೂತು, ಜೂರಿಕ್‌ನ ಮೇಲೆ ದಿನಗಟ್ಟಲೆ ಬೂದುಬಣ್ಣದ ಮಂಜು ಕವಿದಿರುತ್ತದೆ; ಅದೇ ಹೊತ್ತಿಗೆ ಸಾವಿರ ಮೀಟರ್ ಮೇಲೆ ಹೋದರೆ ನಿಚ್ಚಳ ಬಿಸಿಲು, ಕೆಲವೊಮ್ಮೆ ಊರಿಗಿಂತ ಹೆಚ್ಚಿನ ಶಾಖ. ಕಿಟಕಿಯಿಂದ ಹೊರಗೆ ನೋಡಿ ‘ಇವತ್ತು ಬೇಡ’ ಎನ್ನಬೇಡಿ. ಬೆಟ್ಟದ ಮೇಲಿನ ಕ್ಯಾಮೆರಾದ ನೇರ ಚಿತ್ರವನ್ನು ಮಗನ ಫೋನಿನಲ್ಲಿ ನೋಡಿ ತೀರ್ಮಾನಿಸಿ.

ಈಗ ದಾರಿಗಳ ವಿಚಾರ. ಒಂದು ತಿಂಗಳು ಇರುವವರು ಅವಸರಪಡಬೇಕಾಗಿಲ್ಲ. ಮೊದಲ ನಡಿಗೆಗೆ ಊರ ಬೆನ್ನಿಗಿರುವ ಯೂಟ್ಲಿಬೆರ್ಗ್ ಸಾಕು. ಸುಮಾರು 870 ಮೀಟರ್ ಎತ್ತರದ ಈ ಬೆಟ್ಟಕ್ಕೆ ಜೂರಿಕ್‌ನ ಮುಖ್ಯ ನಿಲ್ದಾಣದಿಂದ ನೇರ ರೈಲಿದೆ. ಅಲ್ಲಿಂದ ಫೆಲ್ಸನೆಗ್‌ವರೆಗೆ ಬೆಟ್ಟದ ಬೆನ್ನಿನ ಮೇಲೆ ಹೋಗುವ ದಾರಿಯಲ್ಲಿ ಸೌರಮಂಡಲವನ್ನು ನೂರು ಕೋಟಿಯಲ್ಲೊಂದು ಪಾಲಿಗೆ ಕುಗ್ಗಿಸಿ ಗ್ರಹಗಳನ್ನು ನಿಲ್ಲಿಸಿದ್ದಾರೆ; ಒಂದು ಮೀಟರ್ ನಡೆದರೆ ಹತ್ತು ಲಕ್ಷ ಕಿಲೋಮೀಟರ್ ದಾಟಿದಂತೆ. ಏಳು ವರ್ಷದ ಹುಡುಗ ಶನಿಯಿಂದ ಯುರೇನಸ್‌ವರೆಗೆ ತಕರಾರಿಲ್ಲದೆ ನಡೆಯುತ್ತಾನೆ. ಇದು ಬೆಟ್ಟದ ಮೇಲಿನ ಗುಲಾಬಿ ದಾರಿಗಳಂತೆ ಒತ್ತಿ ಸಮಮಾಡಿದ ಹಿಮದಾರಿಯಲ್ಲ. ಇಲ್ಲಿ ನೋಡಬೇಕಾದದ್ದು ನಿಮ್ಮ ಶೂ, ಕಾಲುಚೀಲ, ಕೈಗವಸುಗಳು ಚಳಿಯಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು. ಏನಾದರೂ ಸರಿಯಿಲ್ಲದಿದ್ದರೆ ಮನೆ ಹತ್ತಿರದಲ್ಲಿದೆ.

ಎರಡನೆಯದಕ್ಕೆ ರಿಗಿ ಬೆಟ್ಟ. ವಿಟ್ಸ್‌ನೌ ಊರಿನಿಂದ ಅದನ್ನು ಹತ್ತುವ ಹಲ್ಲುಚಕ್ರದ ರೈಲು 1871ರಲ್ಲಿ ಆರಂಭವಾಯಿತು. ಯುರೋಪಿನಲ್ಲಿ ಬೆಟ್ಟ ಹತ್ತಿದ ಮೊದಲ ಅಂಥ ರೈಲು ಅದು. ಜೂರಿಕ್‌ನಿಂದ ಲುಜರ್ನ್‌ಗೆ ರೈಲು, ಅಲ್ಲಿಂದ ಸರೋವರದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಆಮೇಲೆ ಆ ರೈಲಿನಲ್ಲಿ 1,450 ಮೀಟರ್ ಎತ್ತರದ ರಿಗಿ ಕಾಲ್ಟ್‌ಬಾಡ್‌. ಅಲ್ಲಿಂದ ರಿಗಿ ಶೈಡೆಗ್‌ವರೆಗಿನ ಸುಮಾರು 7 ಕಿಲೋಮೀಟರ್ ದಾರಿಯನ್ನು ನಾನು ಶಿಫಾರಸು ಮಾಡುವುದಕ್ಕೆ ಕಾರಣ ಅದರ ಚರಿತ್ರೆಯಲ್ಲಿದೆ. 1870ರ ದಶಕದಲ್ಲಿ ಹಾಕಿ, 1931ರಲ್ಲಿ ನಿಲ್ಲಿಸಿದ ರೈಲುಮಾರ್ಗವೊಂದರ ನೆಲ ಅದು. ಸಾಧಾರಣ ರೈಲು ಕಡಿದಾದ ಏರನ್ನು ಹತ್ತಲಾರದಾದ್ದರಿಂದ ಅದರ ನೆಲ ಎಲ್ಲಿಯೂ ಮೊಣಕಾಲನ್ನು ಪೀಡಿಸುವಷ್ಟು ಓರೆಯಾಗುವುದಿಲ್ಲ. ಆರಂಭದಲ್ಲಿ ರಿಗಿ ಫಸ್ಟ್‌ವರೆಗೆ ಬಹುಮಟ್ಟಿಗೆ ಸಮತಟ್ಟು. ಕೆಳಗೆ ಸರೋವರ, ಎದುರಿಗೆ ಆಲ್ಪ್ಸ್ ಸಾಲು.

ಇಲ್ಲಿಯೇ ಮರಳುವ ದಾರಿಯ ಪ್ರಶ್ನೆ ಬರುತ್ತದೆ. ಶೈಡೆಗ್‌ನಿಂದ ಕೆಳಗಿಳಿಸುವುದು ಒಂದು ಕೇಬಲ್ ಕಾರ್. ದಕ್ಷಿಣದಿಂದ ಪರ್ವತ ದಾಟಿ ಬೀಸುವ, ‘ಫ್ಯೋನ್’ ಎಂದು ಕರೆಯುವ ಬಿಸಿಗಾಳಿ ಎದ್ದ ದಿನ ಕೇಬಲ್ ಕಾರುಗಳು ನಿಲ್ಲುತ್ತವೆ. ರೈಲು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಏಳು ಕಿಲೋಮೀಟರ್ ನಡೆದು ಹೋಗಿ ಅಲ್ಲಿ ‘ಇಂದು ಸಂಚಾರವಿಲ್ಲ’ ಎಂಬ ಫಲಕ ಕಂಡರೆ, ಅದೇ ಏಳು ಕಿಲೋಮೀಟರ್ ಹಿಂದಕ್ಕೆ, ದಣಿದ ಕಾಲಿನಲ್ಲಿ, ಇಳಿಯುತ್ತಿರುವ ಬಿಸಿಲಿನಲ್ಲಿ ನಡೆಯಬೇಕಾಗುತ್ತದೆ. ಹಾಗಾಗದಂತೆ, ಕಾಲ್ಟ್‌ಬಾಡ್‌ ನಿಲ್ದಾಣದಲ್ಲಿಯೇ ಶೈಡೆಗ್ ಕೇಬಲ್ ಕಾರ್ ಓಡುತ್ತಿದೆಯೇ ಎಂದು ಕೇಳಿಕೊಂಡು ಹೊರಡಿ. ಸಂಶಯವಿದ್ದರೆ ಅರ್ಧ ದಾರಿ ಹೋಗಿ ಕಾಲ್ಟ್‌ಬಾಡ್‌ಗೇ ಹಿಂದಿರುಗಿ. ಪೂರ್ತಿ ಹೋಗಬೇಕೆಂಬ ಹಟ ಈ ದಾರಿಯಲ್ಲಿ ಅನಗತ್ಯ. ನೋಟದ ಬಹುಪಾಲು ಮೊದಲರ್ಧದಲ್ಲಿಯೇ ಸಿಕ್ಕಿರುತ್ತದೆ.

ಮೂರನೆಯದಾಗಿ, ಒಂದು ರಾತ್ರಿ ಹೊರಗೆ ತಂಗಲು ಒಪ್ಪುವುದಾದರೆ, ಲೌಟರ್‌ಬ್ರುನ್ನನ್ ಕಣಿವೆಯ ಮೇಲಿನ ಗ್ರುಟ್ಶಾಲ್ಪ್‌ನಿಂದ ಮ್ಯೂರೆನ್‌ವರೆಗಿನ ನಡಿಗೆ. ನಿಮ್ಮನೆಯವರ ಮೊಣಕಾಲಿನ ದೃಷ್ಟಿಯಿಂದ ಮೂರರಲ್ಲಿ ಇದೇ ಮೇಲು. ದಾರಿ ನಾಲ್ಕೂವರೆ ಕಿಲೋಮೀಟರಿನಷ್ಟು. 1891ರಿಂದ ಓಡುತ್ತಿರುವ ಪುಟ್ಟ ರೈಲೊಂದು ಪಕ್ಕದಲ್ಲಿಯೇ ಸಾಗುತ್ತದೆ. ನಡುವೆ ವಿಂಟರೆಗ್ ಎಂಬಲ್ಲಿ ನಿಲ್ದಾಣವಿದೆ. ನೋವು ಶುರುವಾದರೆ ಅಲ್ಲಿಯೇ ರೈಲು ಹತ್ತಬಹುದು, ಅಥವಾ ಅವರು ರೈಲಿನಲ್ಲಿ, ಉಳಿದವರು ಕಾಲ್ನಡಿಗೆಯಲ್ಲಿ ಹೋಗಬಹುದು. ಐಗರ್, ಮೋಂಖ್, ಯುಂಗ್‌ಫ್ರಾ ಶಿಖರಗಳು ಕಣಿವೆಯಾಚೆ ನೇರ ಎದುರಿಗಿರುತ್ತವೆ. ಅನೇಕರು ಮ್ಯೂರೆನ್‌ನಿಂದ ಕೆಳಮುಖವಾಗಿ ನಡೆಯುವುದನ್ನು ಸುಲಭವೆಂದು ಭಾವಿಸುತ್ತಾರೆ. ನೀವು ತಿರುವುಮುರುವಾಗಿ ಮಾಡಿ. ಗ್ರುಟ್ಶಾಲ್ಪ್ 1,486 ಮೀಟರ್, ಮ್ಯೂರೆನ್ 1,638 ಮೀಟರ್; ನೂರೈವತ್ತು ಮೀಟರಿನ ಹಗುರ ಏರು ಶ್ವಾಸಕ್ಕೆ ಸ್ವಲ್ಪ ಕೆಲಸ ಕೊಟ್ಟೀತು, ಮೊಣಕಾಲಿಗೆ ಕೊಡುವುದಿಲ್ಲ. ಇಳಿಯುವ ಕೆಲಸವನ್ನು ರೈಲಿಗೆ ಬಿಡಿ. ಮೆನ್ಲಿಖೆನ್‌ನಿಂದ ಕ್ಲೈನೆ ಶೈಡೆಗ್‌ವರೆಗಿನ ಹೆಸರುವಾಸಿ ದಾರಿಯನ್ನು ಮಗ ಸೂಚಿಸಬಹುದು. ಚೆಲುವಿನಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಅದು ಎರಡು ಸಾವಿರ ಮೀಟರಿನ ಮೇಲಿದೆ, ಗಾಳಿಗೆ ಒಡ್ಡಿಕೊಂಡಿದೆ, ಆರಂಭದ ಎತ್ತರಕ್ಕಿಂತ ಕೊನೆಯ ಎತ್ತರ ತಗ್ಗು. ಮೊದಲ ಎರಡು ನಡಿಗೆಗಳು ಚೆನ್ನಾಗಿ ಆದರೆ ಮಾತ್ರ ಯೋಚಿಸಿ.

ಹೊತ್ತಿನ ಲೆಕ್ಕವನ್ನು ನಿಮ್ಮೂರಿನ ವೇಗದಲ್ಲಿ ಹಾಕಬೇಡಿ. ಗಟ್ಟಿ ಹಿಮದ ಮೇಲೆ, ಹೊಸಬರು, ದಪ್ಪ ಉಡುಪು ತೊಟ್ಟು, ಮಗುವಿನೊಡನೆ, ಫೋಟೊ ತೆಗೆಯುತ್ತ ನಡೆದರೆ ಗಂಟೆಗೆ ಎರಡೂವರೆ ಕಿಲೋಮೀಟರ್ ಎಂದು ಹಿಡಿಯಿರಿ. ಗ್ರುಟ್ಶಾಲ್ಪ್–ಮ್ಯೂರೆನ್‌ಗೆ ಎರಡು ಗಂಟೆ, ರಿಗಿಯ ಪೂರ್ತಿ ದಾರಿಗೆ ಮೂರು ಗಂಟೆ. ಕೊನೆಯ ರೈಲಿನ ಹೊತ್ತಲ್ಲ, ಅದಕ್ಕಿಂತ ಎರಡು ಗಂಟೆ ಮೊದಲಿನ ರೈಲನ್ನು ‘ನಮ್ಮ ರೈಲು’ ಎಂದು ಗೊತ್ತುಮಾಡಿಕೊಳ್ಳಿ. ಫೆಬ್ರವರಿಯಲ್ಲಿ ಅದು ಮೂರೂವರೆಯ ಸುಮಾರಿನದಾಗಿರಲಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಊಟಕ್ಕೆ ಒಂದು ಗಂಟೆ ಬಿಟ್ಟು, ಹನ್ನೊಂದಕ್ಕೆ ನಡಿಗೆ ಶುರುವಾಗಬೇಕು. ದಾರಿಯ ಅರ್ಧ ಕ್ರಮಿಸಲು ಎಣಿಸಿದ್ದಕ್ಕಿಂತ ಅರ್ಧ ಗಂಟೆ ಹೆಚ್ಚು ಹಿಡಿದರೆ ಅಲ್ಲಿಂದಲೇ ತಿರುಗಿ.

ದಾರಿಯನ್ನು ವಾರಗಳ ಮುಂಚೆ ಆಯ್ದುಕೊಳ್ಳಿ, ದಿನವನ್ನು ಮಾತ್ರ ಹಿಂದಿನ ಸಂಜೆಯೇ ಆಯ್ದುಕೊಳ್ಳಿ. ಸ್ವಿಟ್ಜರ್ಲೆಂಡ್‌ಮೊಬಿಲಿಟಿ ಎಂಬ ನಕ್ಷೆಯ ಚಳಿಗಾಲದ ವಿಭಾಗದಲ್ಲಿ ಈ ದಾರಿಗಳಿವೆ. ಆಯಾ ಪ್ರದೇಶದ ರೈಲು ಸಂಸ್ಥೆಗಳು ಪ್ರತಿದಿನ ಬೆಳಿಗ್ಗೆ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಪ್ರಕಟಿಸುತ್ತವೆ. ದಾವೋಸ್‌ನಲ್ಲಿರುವ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ ಚಳಿಗಾಲದಲ್ಲಿ ಪ್ರತಿ ಸಂಜೆ 5ಕ್ಕೆ ಹಿಮಕುಸಿತದ ಮುನ್ಸೂಚನೆಯನ್ನು ಹೊರಡಿಸುತ್ತದೆ, ಇಂಗ್ಲಿಷಿನಲ್ಲಿಯೂ ಓದಬಹುದು. ಅದರಲ್ಲಿ 1ರಿಂದ 5ರವರೆಗೆ ಅಪಾಯದ ಹಂತಗಳಿವೆ. ಆ ಮುನ್ಸೂಚನೆ ಮುಖ್ಯವಾಗಿ ಕಾಯ್ದ ದಾರಿಗಳ ಹೊರಗೆ ಹೋಗುವವರಿಗೆ. ಗುಲಾಬಿ ದಾರಿಯಲ್ಲಿ ಅಪಾಯ ಕಂಡರೆ ನಿರ್ವಾಹಕರೇ ಮುಚ್ಚುತ್ತಾರೆ. ಆದರೂ 4 ಎಂದಿದ್ದ ದಿನ ಬೆಟ್ಟದ ಯೋಜನೆಯನ್ನು ಬಿಟ್ಟು ಲುಜರ್ನ್ ಪೇಟೆಯನ್ನೋ ವಸ್ತುಸಂಗ್ರಹಾಲಯವನ್ನೋ ನೋಡಿ. 3 ಎಂದರೆ ನಡುವಿನ ಅಂಕೆ, ಪರವಾಗಿಲ್ಲ ಎಂದುಕೊಳ್ಳುವುದು ತಪ್ಪು. ಸಾವಿನ ಅಪಘಾತಗಳಲ್ಲಿ ದೊಡ್ಡ ಪಾಲು ಸಂಭವಿಸುವುದು ಆ ಹಂತದಲ್ಲಿಯೇ. ಫೋಟೊಗಾಗಿಯೂ ದಾರಿ ಬಿಟ್ಟು ಇಳಿಜಾರಿಗೆ ಕಾಲಿಡಬೇಡಿ. ಚಳಿಗಾಲದಲ್ಲಿ ಶಕ್ತಿ ಉಳಿಸಿಕೊಂಡು ಕೂತ ಕಾಡುಪ್ರಾಣಿಗಳೂ ಅಲ್ಲಿರುತ್ತವೆ. ದೊಡ್ಡ ಹಿಮ ಬಿದ್ದ ಮರುದಿನ ದಾರಿ ಮೆತ್ತಗಿರುತ್ತದೆ, ಇನ್ನೊಂದು ದಿನ ಕಾದರೆ ಗಟ್ಟಿಯಾಗಿ ನಡೆಯಲು ಹಿತವಾಗುತ್ತದೆ. ಹಳ್ಳಿಯೊಳಗೆ ಓಡಾಡುವಾಗ ಮನೆಗಳ ಸೂರಿನ ಕೆಳಗೆ ನಿಲ್ಲಬೇಡಿ, ಛಾವಣಿಯ ಹಿಮ ರಾಶಿಯಾಗಿ ಜಾರಿ ಬೀಳುತ್ತದೆ.

ಚಳಿಯನ್ನು ಅಂಕೆಯಿಂದ ಅಳೆದರೆ ಮೋಸ ಹೋಗುತ್ತೀರಿ. ಮೈನಸ್ 5 ಡಿಗ್ರಿಯಲ್ಲಿ ಗಾಳಿಯಿಲ್ಲದೆ ಬಿಸಿಲಿದ್ದರೆ ನಡೆಯುವಾಗ ಸ್ವೆಟರ್ ಬಿಚ್ಚಬೇಕೆನಿಸುತ್ತದೆ. ಅದೇ ಮೈನಸ್ 5ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿಯಿದ್ದರೆ ಚರ್ಮಕ್ಕೆ ಮೈನಸ್ 13ರಷ್ಟು ತಟ್ಟುತ್ತದೆ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರಗಳು ಮೇಲು: ಮೈಗೆ ಅಂಟಿದ ಥರ್ಮಲ್ ಒಳಉಡುಪು, ಅದರ ಮೇಲೆ ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೆಟ್. ಒಳಗೆ ಹತ್ತಿಯ ಬನಿಯನ್ ಬೇಡವೇ ಬೇಡ. ಏರಿನಲ್ಲಿ ಬಂದ ಬೆವರನ್ನು ಅದು ಹಿಡಿದಿಟ್ಟುಕೊಂಡು, ನಿಂತ ಕೂಡಲೇ ಮೈಯನ್ನು ತಣ್ಣಗೆ ಮಾಡುತ್ತದೆ. ನೀವು ಸದಾ ಸೀರೆ ಉಡುವವರಾದರೆ, ಆ ದಿನದ ಮಟ್ಟಿಗೆ ಥರ್ಮಲ್ ಮೇಲೆ ಪ್ಯಾಂಟ್ ಹಾಕಿಕೊಳ್ಳಿ ಎಂದೇ ಹೇಳುತ್ತೇನೆ. ನೆರಿಗೆಯ ಅಂಚು ಹಿಮಕ್ಕೆ ಒದ್ದೆಯಾಗಿ ಸೆಟೆದುಕೊಳ್ಳುತ್ತದೆ, ಶೂವಿನ ಕೆಳಗಿನ ಮುಳ್ಳಿಗೆ ಸಿಕ್ಕಿ ಬೀಳಿಸುತ್ತದೆ. ಟೋಪಿ, ಕೈಗವಸು, ಕುತ್ತಿಗೆಯ ಪಟ್ಟಿ ಎಲ್ಲರಿಗೂ ಬೇಕು. ಕೈಗವಸು ಒಂದು ಜೊತೆ ಹೆಚ್ಚಿಗೆ ಇರಲಿ, ಮೊಮ್ಮಗ ಹಿಮದುಂಡೆ ಮಾಡಿ ತನ್ನದನ್ನು ಒದ್ದೆ ಮಾಡಿಕೊಂಡೇ ಮಾಡಿಕೊಳ್ಳುತ್ತಾನೆ. ಕಪ್ಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಶೋಕಿಯ ವಸ್ತುಗಳಲ್ಲ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಶೇಕಡಾ 80ರವರೆಗೆ ತಿರುಗಿಸಿ ಮುಖಕ್ಕೆ ಎರಚುತ್ತದೆ. ಗಲ್ಲದ ಅಡಿಗೂ, ಮೂಗಿನ ಕೆಳಗೂ ಹಚ್ಚಿಕೊಳ್ಳಬೇಕು.

ಶೂ ಕಣಕಾಲು ಮುಚ್ಚುವ, ನೀರು ಹಿಡಿಯದ, ಅಡಿಯಲ್ಲಿ ಆಳವಾದ ಗೀರುಗಳಿರುವಂಥದಾಗಿರಲಿ. ಬೆಂಗಳೂರಿನಲ್ಲಿ ಕೊಂಡರೆ ಹೊರಡುವ ತಿಂಗಳ ಮೊದಲೇ ಕೊಂಡು ಹಾಕಿ ಪಳಗಿಸಿ. ಇಲ್ಲವಾದರೆ ಅಲ್ಲಿನ ಕ್ರೀಡಾ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆಯೇ ಎಂದು ಮಗ ವಿಚಾರಿಸಲಿ. ದಪ್ಪ ಕಾಲುಚೀಲ ಹಾಕಿ ಅಳತೆ ನೋಡಬೇಕು. ಎರಡು ಜೊತೆ ಕಾಲುಚೀಲವನ್ನು ಬಿಗಿ ಶೂವಿನೊಳಗೆ ತುರುಕಿದರೆ ರಕ್ತಸಂಚಾರ ಕುಗ್ಗಿ ಬೆರಳು ಮತ್ತಷ್ಟು ತಣ್ಣಗಾಗುತ್ತದೆ. ಶೂವಿನ ಮೇಲೆ ರಬ್ಬರಿನಿಂದ ಎಳೆದು ಹಾಕುವ ಸಣ್ಣ ಕಬ್ಬಿಣದ ಮುಳ್ಳುಗಳ ಜೊತೆಯೊಂದನ್ನು ಪ್ರತಿಯೊಬ್ಬರೂ ಚೀಲದಲ್ಲಿಟ್ಟುಕೊಳ್ಳಿ. ನಾನು ಕಂಡಂತೆ ಜನ ಹೆಚ್ಚಾಗಿ ಜಾರುವುದು ಒತ್ತಿದ ಹಿಮದ ಮೇಲಲ್ಲ, ನಿಲ್ದಾಣದ ಮೆಟ್ಟಿಲು ಮತ್ತು ಹೋಟೆಲಿನ ಅಂಗಳದ ಮಂಜುಗಡ್ಡೆಯ ಮೇಲೆ. ನಡೆಯುವ ಬಗೆಯನ್ನು ನಿಮಗೆ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ, ಅಡಿಕೆ ದಬ್ಬೆ ಹಾಸದ ಕಡೆ ಹೇಗೆ ನಡೆಯುತ್ತೀರೋ ಹಾಗೆಯೇ: ಗಿಡ್ಡ ಹೆಜ್ಜೆ, ಹಿಮ್ಮಡಿಯನ್ನು ಮೊದಲು ಊರದೆ ಪಾದವನ್ನು ಪೂರ್ತಿ ಇಡುವುದು, ಮೈಭಾರ ಸ್ವಲ್ಪ ಮುಂದಕ್ಕೆ, ಕೈಗಳು ಜೇಬಿನಿಂದ ಹೊರಗೆ. ನಿಮ್ಮನೆಯವರಿಗೆ ಎರಡು ಊರುಗೋಲುಗಳು ಕಡ್ಡಾಯ. ತುದಿಯಲ್ಲಿ ಅಗಲವಾದ ಬಿಲ್ಲೆಯಿದ್ದರೆ ಕೋಲು ಹಿಮದೊಳಗೆ ಹೂತುಹೋಗುವುದಿಲ್ಲ.

ತಯಾರಿಯನ್ನು ಹೊರಡುವುದಕ್ಕೆ ಆರು ವಾರ ಮೊದಲು ಶುರುಮಾಡಿ. ವಾರದಲ್ಲಿ ನಾಲ್ಕು ದಿನ ಒಂದು ಗಂಟೆಯ ನಡಿಗೆ, ಅದೇ ಶೂ ಹಾಕಿಕೊಂಡು. ಉಂಚಳ್ಳಿ ಜಲಪಾತದ ಮೆಟ್ಟಿಲುಗಳನ್ನು ಒಮ್ಮೆ ಇಳಿದು ಹತ್ತಿ ನೋಡಿದರೆ ಮೊಣಕಾಲಿನ ನಿಜಸ್ಥಿತಿ ತಿಳಿಯುತ್ತದೆ. ಅಲ್ಲಿ ಇಳಿಯುವುದು ಕಷ್ಟವಾದರೆ ಮೆನ್ಲಿಖೆನ್ ಯೋಚನೆಯನ್ನು ಈಗಲೇ ಬಿಡಿ. ಕಾರವಾರಕ್ಕೆ ಹೋಗುವ ಸಂದರ್ಭ ಬಂದರೆ ಕಡಲತೀರದಲ್ಲಿ ತೆರೆಯ ಹತ್ತಿರದ ಗಟ್ಟಿ ಮರಳನ್ನು ಬಿಟ್ಟು ಮೇಲಿನ ಸಡಿಲ ಒಣಮರಳಿನಲ್ಲಿ ಅರ್ಧ ಗಂಟೆ ನಡೆಯಿರಿ. ಮೆತ್ತನೆಯ ಹಿಮದಲ್ಲಿ ದುಡಿಯುವ ಮೀನಖಂಡ ಮತ್ತು ಕಣಕಾಲಿನ ಸ್ನಾಯುಗಳೇ ಅಲ್ಲಿಯೂ ದುಡಿಯುತ್ತವೆ. ಅಭ್ಯಾಸದ ನೆವದಲ್ಲಿ ಬೆಟ್ಟದ ಕಾಡಿನೊಳಗೆ, ಮುಖ್ಯವಾಗಿ ಸಿದ್ದಾಪುರದ ಕಡೆ, ಅಲೆಯಲು ಹೋಗಬೇಡಿ. ನೀವು ತಯಾರಿ ನಡೆಸುವ ತಿಂಗಳುಗಳೇ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲವೂ ಹೌದು. ಟಾರು ರಸ್ತೆಯೇ ಸಾಕು.

ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಒಣಗಾಳಿ ಮಾತ್ರ ಉಸಿರಿನೊಡನೆ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಬಾಟಲಿಯ ಬದಲು ಫ್ಲಾಸ್ಕಿನಲ್ಲಿ ಬಿಸಿ ಕಷಾಯ ಒಯ್ಯಿರಿ. ಕಷಾಯದ ಪುಡಿ ಹೇಗೂ ನಿಮ್ಮ ಪೆಟ್ಟಿಗೆಯಲ್ಲಿರುತ್ತದೆ. ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಚಳಿ ರಕ್ತನಾಳಗಳನ್ನು ಬಿಗಿಗೊಳಿಸಿ ರಕ್ತದೊತ್ತಡವನ್ನು ಏರಿಸುವುದರಿಂದ, ನಿಮ್ಮನೆಯವರು ಹೊರಡುವ ಮೊದಲು ತಮ್ಮ ವೈದ್ಯರಿಗೆ ‘ಸೊನ್ನೆ ಡಿಗ್ರಿಯಲ್ಲಿ, ಎರಡು ಸಾವಿರ ಮೀಟರ್ ಎತ್ತರದಲ್ಲಿ ಎರಡು ಗಂಟೆ ನಡೆಯುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಿ ಮಾತ್ರೆಯ ಪ್ರಮಾಣವನ್ನು ವಿಚಾರಿಸಲಿ. ಬರೇ ‘ಫಾರಿನ್‌ಗೆ ಹೋಗುತ್ತಿದ್ದೇವೆ’ ಎಂದರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮೊದಲ ಹತ್ತು ನಿಮಿಷ ಬೇಕೆಂದೇ ನಿಧಾನವಾಗಿ ನಡೆಯಲಿ. ಎದೆ ಬಿಗಿದಂತಾದರೆ ನಿಂತು, ಗಾಳಿಯ ಮರೆಗೆ ಬರಬೇಕು, ತಡಮಾಡದೆ ಸಹಾಯ ಕರೆಯಬೇಕು.

ಸ್ವಿಟ್ಜರ್ಲೆಂಡ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಹೇಗೂ ಕಡ್ಡಾಯ. ಕೊಳ್ಳುವಾಗ ಎರಡನ್ನು ಓದಿ ನೋಡಿ: ಮೊದಲೇ ಇರುವ ರಕ್ತದೊತ್ತಡದಿಂದಾಗುವ ತೊಂದರೆಯನ್ನು ಅದು ಒಳಗೊಳ್ಳುತ್ತದೆಯೇ, ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಕರೆತರುವ ಖರ್ಚನ್ನು ಕೊಡುತ್ತದೆಯೇ. ಅಲ್ಲಿ ಬೆಟ್ಟದ ವಿಮಾನ ರಕ್ಷಣೆಯ ‘ರೇಗಾ’ ಸಂಸ್ಥೆಯ ಸಂಖ್ಯೆ 1414, ಆಂಬುಲೆನ್ಸಿಗೆ 144. 112 ಯುರೋಪಿನಾದ್ಯಂತ ನಡೆಯುತ್ತದೆ. ಮೂರನ್ನೂ ಫೋನಿನಲ್ಲಿ ಮಾತ್ರವಲ್ಲದೆ ಚೀಟಿಯಲ್ಲಿಯೂ ಬರೆದಿಟ್ಟುಕೊಳ್ಳಿ. ಟಿಕೆಟಿನ ವಿಷಯದಲ್ಲಿ, ಒಂದು ತಿಂಗಳು ಇರುವ ನಿಮಗೆ ಪ್ರವಾಸಿಗರ ಅರ್ಧದರದ ಕಾರ್ಡ್ ಲಾಭದಾಯಕ. ಹೆಚ್ಚಿನ ರೈಲು, ದೋಣಿಗಳಲ್ಲಿ ಅದು ನಡೆಯುತ್ತದೆ, ಕೆಲವು ಬೆಟ್ಟದ ರೈಲುಗಳಲ್ಲಿ ಮಾತ್ರ ರಿಯಾಯಿತಿ ಕಡಿಮೆ.

ಇನ್ನು ಯುಂಗ್‌ಫ್ರಾಯೋಖ್. ನಡಿಗೆಯ ದಿನವೇ ಅದನ್ನು ಸೇರಿಸಬೇಡಿ. ಅದು 3,454 ಮೀಟರ್ ಎತ್ತರದ ನಿಲ್ದಾಣ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. 1912ರಲ್ಲಿ ರೈಲು ಅಲ್ಲಿಗೆ ಮುಟ್ಟಿದಾಗ ಪ್ರಯಾಣವೇ ನಿಧಾನವಾಗಿತ್ತು. ಈಗ 2020ರ ಡಿಸೆಂಬರಿನಲ್ಲಿ ಆರಂಭವಾದ ಕೇಬಲ್ ಕಾರ್ ಗ್ರಿಂಡೆಲ್‌ವಾಲ್ಡ್‌ನಿಂದ ಕಾಲು ಗಂಟೆಯಲ್ಲಿ ಐಗರ್ ಹಿಮನದಿಯ ನಿಲ್ದಾಣಕ್ಕೆ ಮುಟ್ಟಿಸುವುದರಿಂದ, ಮೈ ಹೊಂದಿಕೊಳ್ಳುವ ಮೊದಲೇ ಮೇಲಿರುತ್ತೀರಿ. ತಲೆನೋವು, ತಲೆಸುತ್ತು ಸಾಮಾನ್ಯ. ಮ್ಯೂರೆನ್‌ನಲ್ಲಿ ಒಂದು ರಾತ್ರಿ ತಂಗಿದರೆ 1,638 ಮೀಟರಿಗೆ ಸ್ವಲ್ಪ ಒಗ್ಗಿಕೊಂಡಿರುತ್ತೀರಿ, ಮರುದಿನ ಆಕಾಶ ನಿಚ್ಚಳವಾಗಿದ್ದರೆ ಬೆಳಿಗ್ಗೆ ಹೋಗಿ. ಮೇಲೆ ಎರಡು ಗಂಟೆಗಿಂತ ಹೆಚ್ಚು ನಿಲ್ಲಬೇಡಿ, ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿ, ಅಲ್ಲಿಂದ ಹಿಮನದಿಯ ಮೇಲೆ ಮುಂದುವರಿಯುವ ನಡಿಗೆಯನ್ನು ಬಿಟ್ಟುಬಿಡಿ. ನಿಮ್ಮನೆಯವರ ವೈದ್ಯರು ಆ ಎತ್ತರ ಬೇಡವೆಂದರೆ ಅವರು ಕ್ಲೈನೆ ಶೈಡೆಗ್‌ನಲ್ಲಿಯೇ ಇಳಿದುಕೊಂಡು ಬಿಸಿಲಿಗೆ ಕೂತಿರಬಹುದು. ಟಿಕೆಟ್ ದುಬಾರಿಯಾದ್ದರಿಂದ ಮುಂಗಡವಾಗಿ ಕೊಳ್ಳದೆ, ಆ ಬೆಳಿಗ್ಗೆ ಶಿಖರದ ಕ್ಯಾಮೆರಾ ನೋಡಿ, ಮೋಡವಿಲ್ಲವೆಂದು ಖಚಿತವಾದ ಮೇಲೆಯೇ ಕೊಳ್ಳಿ.